ಇಂಗ್ಲೆಂಡಿನಲ್ಲಿ ಏಳು ಪ್ರದಕ್ಷಿಣೆ

ಚಕ್ರಪಾಣಿ ಹತ್ತು ದಿನ ಇಂಗ್ಲೆಂಡ್ ನೋಡಿಕೊಂಡು ಅಮೆರಿಕದಲ್ಲಿ ತಾನಿದ್ದ ಊರಾದ ಸಮಾಮಿಶ್‌ಗೆ ವಾಪಸಾದಾಗ ಪೆಟ್ಟಿಗೆಯಲ್ಲಿ ಎರಡು ಡಬ್ಬಿ ಚಹಾಪುಡಿ ಇತ್ತು, ಒಂದು ಉಣ್ಣೆಯ ಟೋಪಿ ಇತ್ತು, ಕ್ಯಾಮೆರಾದಲ್ಲಿ ನೂರಾ ನಲವತ್ತು ಫೋಟೋ ಇದ್ದವು. ಇವಲ್ಲದೆ ಕಸ್ಟಮ್ಸಿನವರ ಕಣ್ಣಿಗೆ ಬೀಳದ ಹಾಗೆ ಒಂದು ಸುಳ್ಳನ್ನೂ ತಂದಿದ್ದ. ವಿಮಾನ ಇಳಿಯುವಾಗ ಅದು ಅಂಗೈಯಲ್ಲಿ ಮುಚ್ಚಿಡುವಷ್ಟಿತ್ತು. ಜುಲೈ ಕಳೆಯುವ ಹೊತ್ತಿಗೆ ಮನೆಯ ಗ್ಯಾರೇಜಿನಲ್ಲೂ ಹಿಡಿಸುತ್ತಿರಲಿಲ್ಲ.

ಅದು ಬೆಳೆದದ್ದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದವಳು ಹೆಂಡತಿ ವಸಂತಲಕ್ಷ್ಮಿ. ನಿಜ ಏನೆಂದು ಲೋಕದಲ್ಲಿ ಗೊತ್ತಿದ್ದವರು ಮೂವರೇ: ಅವಳು, ಅವನು, ಮತ್ತೆ ಅಡುಗೆಮನೆ ಪಕ್ಕದ ಬೀರುವನ್ನೇ ದೇವರ ಮನೆ ಮಾಡಿಕೊಂಡು ಕೂತಿದ್ದ ಸತ್ಯನಾರಾಯಣ ಸ್ವಾಮಿ. ಮೂವರೂ ಬಾಯಿ ಬಿಡುತ್ತಿರಲಿಲ್ಲ. ಸ್ವಾಮಿಗೆ ಅದು ಸ್ವಭಾವ, ಚಕ್ರಪಾಣಿಗೆ ಅನುಕೂಲ. ಸಂಕಟವಿದ್ದದ್ದು ವಸಂತಲಕ್ಷ್ಮಿಗೆ ಮಾತ್ರ.

ಮೊದಲ ಸಲ ಕಥೆ ನಡೆದದ್ದು ಅದೇ ಬೀದಿಯ ನಾಗರಾಜನ ಮನೆಯ ಹಿತ್ತಲಲ್ಲಿ. ನಾಗರಾಜ ತಿಪಟೂರಿನ ಕಡೆಯವನು, ಸಾಫ್ಟ್‌ವೇರ್ ಕೆಲಸ. ಅವನ ತಾಯಿ ಲಕ್ಷ್ಮಮ್ಮ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಊರಲ್ಲಿ ಹರಿಕಥೆ ಕೇಳುವ ಹಾಗೆ ಸೆರಗು ಹೊದ್ದುಕೊಂಡು ಕೇಳಿದರು.

“ಊಟದ ವಿಷಯ ಮೊದಲು ಹೇಳ್ಬಿಡ್ತೀನಿ,” ಎಂದ ಚಕ್ರಪಾಣಿ. “ಬೆಳಿಗ್ಗೆ ತಿಂಡಿಗೆ ಟೊಮೆಟೊನ ಎರಡು ಹೋಳು ಮಾಡಿ, ಬಾಣಲೆಗೆ ಹಾಕಿ, ಎತ್ತಿ ತಟ್ಟೇಲಿ ಇಡ್ತಾರೆ. ನಮ್ಮನೇಲಿ ಗೊಜ್ಜು ಶುರುವಾಗೋದೇ ಅಲ್ಲಿಂದ. ಅವರಿಗೆ ಅಲ್ಲಿಗೇ ಮುಗೀತು!”

“ಅಷ್ಟೇನಾ ಸಾರ್?” ಎಂದ ನಾಗರಾಜ.

“ಬ್ರೆಡ್ಡಿನ ಮೇಲೆ ಬೇಯಿಸಿದ ಕಾಳು ಸುರೀತಾರೆ. ಸಿಹಿ ಕಣ್ರೀ, ಸಕ್ಕರೆ ಹಾಕಿರ್ತಾರೆ! ಮಧ್ಯಾಹ್ನ ಆಲೂಗಡ್ಡೆ ಕರಿದು ಅದರ ಮೇಲೆ ವಿನಿಗರ್. ಪಕ್ಕದಲ್ಲಿ ಹಸಿರುಬಟಾಣಿ ಹಿಸುಕಿ ಇಟ್ಟಿರ್ತಾರೆ, ಒಗ್ಗರಣೆ ಹಾಕೋದನ್ನ ಮರೆತು ಇನ್ನೂರು ವರ್ಷ ಆಗಿದೆ. ಪುಡ್ಡಿಂಗ್ ಅಂತ ಬರೆದಿತ್ತು, ಪಾಯಸದ ಜಾತೀದು ಅಂದ್ಕೊಂಡು ತರಿಸಿದ್ರೆ ಟೊಳ್ಳು ಪೂರಿ ಥರ ಒಂದು ಬಂತು. ಒಳಗೆ ಮೊಟ್ಟೆ ಅಂತೆ. ಕೂತಲ್ಲೇ ನಮಸ್ಕಾರ ಹಾಕಿ ವಾಪಸ್ ಕಳಿಸ್ದೆ.”

“ಅಯ್ಯೋ, ಉಪಾಸ ಇದ್ಯಾ ಮಗ?” ಎಂದರು ಲಕ್ಷ್ಮಮ್ಮ.

“ಇವಳು ಚಟ್ನಿಪುಡಿ ತಂದಿದ್ಳು, ಬದುಕಿಕೊಂಡ್ವಿ. ನಾವು ಇಳ್ಕೊಂಡಿದ್ದ ಮನೆ ಯಜಮಾನಿ ಅದನ್ನ ನೋಡಿ, ನನಗೂ ಸ್ವಲ್ಪ ಅಂದ್ಳು. ಒಂದು ಚಮಚ ಬಾಯಿಗಿಟ್ಟು ಕೆಮ್ಮಿದ್ದೂ ಕೆಮ್ಮಿದ್ದೇ. ಮಾರನೇ ದಿನ ನಾವು ಕೂರೋಕ್ಕಿಂತ ಮುಂಚೆ ಬಟ್ಟಲು ಹಿಡ್ಕೊಂಡು ನಿಂತಿದ್ಳು!”

“ಹೌದು, ನಿಂತಿದ್ಳು,” ಎಂದಳು ವಸಂತಲಕ್ಷ್ಮಿ. ಅದು ನಿಜವೇ.

“ನಾನು ನೀರಿಗೆ ಐಸ್ ಕೇಳ್ದೆ. ಚಿಕ್ಕ ಸಾಸರಿನಲ್ಲಿ ಎರಡೇ ಎರಡು ತುಂಡು, ನೈವೇದ್ಯದ ಕಲ್ಲುಸಕ್ಕರೆ ಹಾಗೆ ತಂದಿಟ್ಟು, ‘ನೀವು ಅಮೆರಿಕನ್ನರು, ಐಸ್ ಇಲ್ದೆ ಬದುಕಲ್ಲ’ ಅಂದ್ಳು. ನಾಗರಾಜ, ಸಿಟಿಜನ್ ಆಗಿ ಎರಡು ವರ್ಷ ಆಯ್ತು. ಇಲ್ಲಿ ಒಬ್ಬನಾದ್ರೂ ನನ್ನನ್ನ ಹಾಗೆ ಕರೆದಿದ್ದಾನಾ? ಅಮೆರಿಕನ್ ಅನ್ನಿಸಿಕೊಳ್ಳೋಕೆ ಸಮುದ್ರ ದಾಟಿ ಹೋಗ್ಬೇಕಾಯ್ತು.”

ಎಲ್ಲರೂ ನಕ್ಕರು. ಇಲ್ಲಿಯವರೆಗೆ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆಗ ನಾಗರಾಜ, ಪಾಪ, ಸಹಜವಾಗಿಯೇ ಕೇಳಿದ: “ಅಲ್ಲಿ ಲೆಫ್ಟ್ ಸೈಡ್ ಅಲ್ವಾ ಸಾರ್, ಡ್ರೈವ್ ಮಾಡೋಕೆ ಕಷ್ಟ ಆಗ್ಲಿಲ್ವಾ?”

ಚಕ್ರಪಾಣಿ ಕುರ್ಚಿ ಮುಂದಕ್ಕೆಳೆದುಕೊಂಡ. ಹೆಂಡತಿಯ ಕಡೆ ನೋಡಲಿಲ್ಲ. “ಅದೇನ್ ಮಹಾ?” ಎಂದ. “ನಮ್ಮ ಮೈಸೂರಿನ ಹಾಗೇ. ಎಡಗಡೆ ರಸ್ತೆ, ಬಲಗಡೆ ಸ್ಟೇರಿಂಗು. ಹೆಸರೇ ಚಕ್ರಪಾಣಿ, ಯಾವ ಚಕ್ರ ಆದ್ರೇನು?”

ಅಷ್ಟೇ. ಅಲ್ಲಿಂದ ಹಿಡಿದು ವಾರಕ್ಕೊಂದು ಮನೆಯಲ್ಲಿ ಕಥೆ ನಡೆಯಿತು. ಒಮ್ಮೆ ಒಂದು ಕೈಯಲ್ಲಿ ಗೇರು, ಇನ್ನೊಂದರಲ್ಲಿ ಸ್ಟೇರಿಂಗು. ಇನ್ನೊಮ್ಮೆ ಕಲ್ಲಿನ ಗೋಡೆಗಳ ನಡುವೆ ಒಂದೇ ಗಾಡಿ ಹಿಡಿಸುವ ಓಣಿಯಲ್ಲಿ ಎದುರಿಗೆ ಟ್ರ್ಯಾಕ್ಟರು, ಹಿಂದೆ ಕುರಿಮಂದೆ, ಕಾಲು ಮೈಲಿ ರಿವರ್ಸು. ಪ್ರತಿ ಸಲವೂ ಯಾರಾದರೂ ವಸಂತಲಕ್ಷ್ಮಿಯ ಮುಖ ನೋಡುತ್ತಿದ್ದರು. “ಹೌದು, ಕುರಿ ಇತ್ತು,” ಎನ್ನುತ್ತಿದ್ದಳು ಅವಳು. “ಟ್ರ್ಯಾಕ್ಟರೂ ಇತ್ತು.” ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಬಡಾವಣೆಯಲ್ಲಿ ಇದ್ದುಕೊಂಡು ಓದುತ್ತಿದ್ದ ಮಗಳು ಶರ್ವಾಣಿ ಮಾತ್ರ ಹುಬ್ಬೇರಿಸಿದಳು: “ಅಪ್ಪಾ, ಯು ಕಾಂಟ್ ಈವನ್ ಪ್ಯಾರಲಲ್ ಪಾರ್ಕ್! ಎರಡು ಕಾರಿನ ಮಧ್ಯೆ ನಿಲ್ಲಿಸೋಕೇ ಬರಲ್ಲ!”

ನಡೆದದ್ದು ಹೀಗೆ.

ವಿಮಾನ ನಿಲ್ದಾಣದ ಬಾಡಿಗೆ ಕಾರಿನವನು, ಆಟೋಮ್ಯಾಟಿಕ್ ಬೇಕಾದರೆ ಎರಡು ದಿನ ಕಾಯಬೇಕು ಎಂದ. ಚಕ್ರಪಾಣಿ ಮೈಸೂರಿನಲ್ಲಿ ಓಡಿಸಿದ್ದು ಸೈಕಲ್ಲು. ಕಾರು ಕಲಿತದ್ದೇ ಅಮೆರಿಕದಲ್ಲಿ, ಗೇರಿಲ್ಲದ್ದು. ಆದರೂ ಕಾಯುವುದಿಲ್ಲವೆಂದು ಹಟ ಹಿಡಿದು, ಎರಡನೆಯ ಚಾಲಕಿಯೆಂದು ಬರೆಸುವುದು ಪುಕ್ಕಟೆ ಎಂಬ ಕಾರಣಕ್ಕೆ ಹೆಂಡತಿಯ ಹೆಸರನ್ನೂ ಬರೆಸಿ, ಹೊರಟ. ಎರಡನೆಯ ಮೈಲಿಗೆ ಒಂದು ದೊಡ್ಡ ವೃತ್ತ ಬಂತು. ನಡುವೆ ಹುಲ್ಲು, ಗುಲಾಬಿ ಗಿಡ. ಸುತ್ತ ಐದು ದಾರಿ. ಒಳಗೆ ಹೊಕ್ಕಿದ್ದಾಯಿತು, ಹೊರಗೆ ಬರುವುದು ಹೇಗೆಂದು ತಿಳಿಯಲಿಲ್ಲ. ಎರಡನೆಯ ಗೇರಿಗೆ ಹಾಕಲು ಧೈರ್ಯವಿಲ್ಲ, ನಿಲ್ಲಿಸಲು ಅದಕ್ಕಿಂತ ಇಲ್ಲ. ಕಾರು ಮೊದಲ ಗೇರಿನಲ್ಲಿ ಗೋಳಾಡುತ್ತ ಸುತ್ತತೊಡಗಿತು. ಹಿಂದಿನವರು ಹಾರ್ನ್ ಸಹ ಮಾಡಲಿಲ್ಲ. ರಸ್ತೆ ಬದಿಯಲ್ಲಿ ನಿಂತಿದ್ದ ಒಬ್ಬ ಅಜ್ಜಿ ಮೂರನೆಯ ಸುತ್ತಿಗೆ ಕೈಬೀಸಿದಳು, ಐದನೆಯದಕ್ಕೆ ಗುರುತಿನವಳ ಹಾಗೆ ನಕ್ಕಳು.

ವಸಂತಲಕ್ಷ್ಮಿ ಮೊದಲು ಹೆದರಿದಳು. ಆಮೇಲೆ ಗಮನಿಸಿದಳು. ಗುಲಾಬಿ ಗಿಡ ಬಲಕ್ಕಿದೆ, ತಾವು ಅದನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತಿದ್ದೇವೆ. ಗರ್ಭಗುಡಿಯನ್ನು ಸುತ್ತುವುದೂ ಹೀಗೇ ಅಲ್ಲವೇ! ಅಮೆರಿಕದಲ್ಲಿ ವೃತ್ತ ಬಂದರೆ ತಿರುವುಮುರುವು. ಹದಿನಾಲ್ಕು ವರ್ಷದಿಂದ ತಾವು ಮಾಡುತ್ತ ಬಂದದ್ದು ಅಪ್ರದಕ್ಷಿಣೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಮನಸ್ಸು ತಣ್ಣಗಾಯಿತು. ಕೈ ಮುಗಿದು, “ಸ್ವಾಮಿ ಸತ್ಯನಾರಾಯಣ, ಇದರಿಂದ ಸುಖವಾಗಿ ಹೊರಗೆ ತಂದ್ರೆ ಪೂಜೆ ಮಾಡಿಸ್ತೀವಿ,” ಎಂದಳು. ಮತ್ತೆ ಗಂಡನ ಕಡೆ ತಿರುಗಿ, “ರೀ, ಏಳು ಪ್ರದಕ್ಷಿಣೆ ಆಯ್ತು. ಇನ್ನು ತೀರ್ಥ ಕೊಡೋರು ಯಾರಾದ್ರೂ ಇದಾರಾ ನೋಡಿ,” ಎಂದಳು.

“ತಮಾಷೆ ಮಾಡ್ಬೇಡ ವಸಂತಾ! ಹೇಗಾದ್ರೂ ಪಾರು ಮಾಡು!” ಚಕ್ರಪಾಣಿ ಆಗತಾನೆ ವಿಮಾನ ನಿಲ್ದಾಣದಲ್ಲಿ ಕೊಂಡಿದ್ದ ಉಣ್ಣೆ ಟೋಪಿ ಬೆವರಿಗೆ ಹಣೆಗಂಟಿತ್ತು. “ಊರಿಗೆ ಹೋದ್ಮೇಲೆ ನಮ್ಮ ಕಾರಿನ ಕೀ ನಿನ್ ಕೈಗೇ ಕೊಡ್ತೀನಿ. ಗುರುವಾರ ಗುರುವಾರ ನಿನ್ನ ಭಜನೆಗೆ ನೀನೇ ಹೋಗು. ದೇವರಾಣೆ!”

ಆ ಭಜನೆಯ ಮಾತು ಸುಮ್ಮನೆ ಬಂದದ್ದಲ್ಲ. ಮರ್ಸರ್ ಐಲ್ಯಾಂಡಿನ ಗೌರಾದೇವಿಯವರ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಭಜನೆ. ವಸಂತಲಕ್ಷ್ಮಿ ಒಂದು ಸಾಲು ಎತ್ತಿಕೊಟ್ಟರೆ ಉಳಿದವರ ದನಿ ತಾನಾಗಿ ಕೂಡುತ್ತದೆ ಎಂದು ಗೌರಾದೇವಿ ಹೇಳುತ್ತಿದ್ದರು. ಆದರೆ ಸಮಾಮಿಶ್‌ನಿಂದ ಅಲ್ಲಿಗೆ ಫ್ರೀವೇ ಎಂಬ ಹೆದ್ದಾರಿ ಹಿಡಿದು, ಸರೋವರದ ಸೇತುವೆ ದಾಟಬೇಕು. ಮನೆಗಿದ್ದದ್ದು ಒಂದು ಕಾರು, ಅದರ ಕೀ ಇದ್ದದ್ದು ಚಕ್ರಪಾಣಿಯ ಪ್ಯಾಂಟಿನ ಜೇಬಿನಲ್ಲಿ. “ಫ್ರೀವೇ ಅಂದ್ರೆ ಹುಡುಗಾಟ ಅಲ್ಲ, ನಿನ್ನ ಕೈಲಿ ಆಗಲ್ಲ,” ಎನ್ನುತ್ತಿದ್ದ. ಅವನಿಗೆ ಬಿಡುವಾದ ಗುರುವಾರ ಅವಳಿಗೆ ದೇವರ ನಾಮ. ಆಗದಿದ್ದರೆ ಇಲ್ಲ. ಅವಳ ಲೈಸೆನ್ಸು ಪರ್ಸಿನಲ್ಲಿ ಬ್ಯಾಂಕಿನವರಿಗೆ ತೋರಿಸುವ ಗುರುತಿನ ಚೀಟಿಯಾಗಿ ಉಳಿದಿತ್ತು.

ಆ ವೃತ್ತದಲ್ಲಿ ಅವನು ಹೇಗೋ ಒಂದು ದಾರಿಗೆ ನುಗ್ಗಿದ. ಪಕ್ಕದ ಹುಲ್ಲಿನ ಮೇಲೆ ಕಾರು ಕೆಮ್ಮಿ ನಿಂತಿತು. ಇಬ್ಬರೂ ಇಳಿದು ಸೀಟು ಬದಲಾಯಿಸಿದರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವಳ ಅಪ್ಪನಿಗೆ ಒಂದು ಹಳೆಯ ಜೀಪಿತ್ತು. ಹದಿನೆಂಟರಲ್ಲಿ ಅವಳು ಅದರ ಮೇಲೆ ಕಲಿತವಳು. ಕೈ ಗೇರಿನ ಮೇಲೆ ಬಿದ್ದದ್ದೇ ತಡ, ಇಷ್ಟು ವರ್ಷ ಎಲ್ಲಿ ಹೋಗಿದ್ದೆ ಎಂದು ಗೇರೇ ಕೇಳಿದ ಹಾಗಾಯಿತು. ಅಲ್ಲಿಂದ ಮುಂದೆ ಹತ್ತೂ ದಿನ ಓಡಿಸಿದವಳು ಅವಳು. ಟ್ರ್ಯಾಕ್ಟರಿನೆದುರು ಕಾಲು ಮೈಲಿ ಹಿಂದಕ್ಕೆ ಬಂದವಳೂ ಅವಳೇ. ಚಕ್ರಪಾಣಿ ಎಡಗಡೆ ಕೂತು ಮ್ಯಾಪ್ ಓದಿ, ಮೂರು ಸಲ ತಪ್ಪು ಊರಿಗೆ ಕರೆದೊಯ್ದ.

ವಾಪಸು ಬರುವಾಗ ವಿಮಾನದಲ್ಲಿ ಅವಳ ಕೈ ಹಿಡಿದು, “ವಸಂತಾ, ಆ ಏಳು ಸುತ್ತಿನ ವಿಷಯ ಯಾರಿಗೂ ಬಾಯಿ ಬಿಡ್ಬೇಡ. ಭಾಷೆ ಕೊಡು,” ಎಂದ. ಮುಖ ಸಣ್ಣಗಾಗಿತ್ತು. ಅವಳು ಕನಿಕರಪಟ್ಟು ಕೈ ಮೇಲೆ ಕೈ ಇಟ್ಟಳು. ಇವನು ಸುಮ್ಮನಿರುತ್ತಾನೆ ಎಂದುಕೊಂಡಿದ್ದಳೇ ಹೊರತು, ಅವಳು ಓಡಿಸಿದ್ದನ್ನೆಲ್ಲ ತಾನೇ ಓಡಿಸಿದ್ದೆಂದು ಹೇಳಿಕೊಂಡು ತಿರುಗುತ್ತಾನೆಂದು ಎಣಿಸಿರಲಿಲ್ಲ.

ಬಂದ ಎರಡನೆಯ ಗುರುವಾರ ಕೇಳಿದಳು. “ಕೀ ಕೊಡ್ತೀನಿ ಅಂದಿದ್ರಿ.”

“ಅದು ಆ ದೇಶದ ಮಾತು,” ಎಂದ ಚಕ್ರಪಾಣಿ, ಪೇಪರಿನಿಂದ ತಲೆ ಎತ್ತದೆ. “ಅಲ್ಲಿ ಎಡಗಡೆ, ಇಲ್ಲಿ ಬಲಗಡೆ. ಅಲ್ಲಿ ಕೊಟ್ಟ ಮಾತು ಇಲ್ಲಿ ಹೇಗೆ ನಡೆಯತ್ತೆ?”

“ಹಾಗಾದ್ರೆ ನಾನು ವಿಮಾನದಲ್ಲಿ ಕೊಟ್ಟ ಭಾಷೆ?”

“ಅದು ಆಕಾಶದಲ್ಲಿ ಕೊಟ್ಟಿದ್ದು. ಎಲ್ಲಾ ದೇಶಕ್ಕೂ ಅನ್ವಯ ಆಗತ್ತೆ.”

ವಸಂತಲಕ್ಷ್ಮಿ ಒಳಗೆ ಹೋಗಿ ದೇವರ ಬೀರುವಿನ ಮುಂದೆ ಕೂತಳು. ಕೋಪ ಬಂದಿತ್ತು. ಕೋಪದ ಹಿಂದೆ ನಗುವೂ ಬಂದಿತ್ತು, ಅದನ್ನು ನುಂಗಲು ಕಷ್ಟವಾಯಿತು. ಕೊಟ್ಟ ಭಾಷೆ ಮುರಿಯುವ ಮನಸ್ಸಿಲ್ಲ. ನಿಜವನ್ನು ನೀನೇ ಎಲ್ಲಿಂದಾದರೂ ಹೊರಡಿಸು ಸ್ವಾಮಿ ಎಂದು ದೀಪದ ಬತ್ತಿ ಸರಿಮಾಡಿ ಎದ್ದಳು.

ಸ್ವಾಮಿ ತಡಮಾಡಲಿಲ್ಲ. ಮಾರನೆಯ ವಾರ ಚಕ್ರಪಾಣಿ ತನಗೆ ಬಲು ಮೆಚ್ಚಿಗೆಯಾದ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಟೀವಿಯ ಪಕ್ಕ ಇಟ್ಟ. ಹಳ್ಳಿಯೊಂದರ ಕಲ್ಲುಗೋಡೆಯ ಪಕ್ಕ ನಿಂತ ಕೆಂಪು ಕಾರು. ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗೆ ಹಾಕಿ, ಉಣ್ಣೆ ಟೋಪಿ ಓರೆ ಮಾಡಿಕೊಂಡು ಕೂತ ಚಕ್ರಪಾಣಿ. ಬಂದವರೆಲ್ಲ, “ಸಾರ್, ಪಕ್ಕಾ ಇಂಗ್ಲಿಷ್ ಡ್ರೈವರ್!” ಎಂದು ಹೊಗಳಿದರು.

ಒಂದು ದಿನ ಧೂಳು ಒರೆಸುತ್ತಿದ್ದ ವಸಂತಲಕ್ಷ್ಮಿ ಆ ಫೋಟೋವನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಳು. ಮತ್ತೆ ನೋಡಿದಳು. ಆಮೇಲೆ ಸೋಫಾದ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ಒಬ್ಬಳೇ ನಕ್ಕಳು. ಚಕ್ರಪಾಣಿ ಕೂತಿದ್ದದ್ದು ಕಾರಿನ ಎಡಗಡೆ. ಈ ದೇಶದಲ್ಲಿ ಎಡಗಡೆ ಕೂತವನೇ ಓಡಿಸುವವನು. ಇಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಕಣ್ಣುಗಳಿಗೆ, ಅವನ ಕಣ್ಣೂ ಸೇರಿ, ಅದು ಡ್ರೈವರ್ ಸೀಟಾಗಿಯೇ ಕಂಡಿತ್ತು.

ಬಾಯಿ ಬಿಡುವುದಿಲ್ಲವೆಂದು ಅವಳು ಭಾಷೆ ಕೊಟ್ಟಿದ್ದಳು. ಫೋಟೋ ಒರೆಸುವುದಿಲ್ಲವೆಂದು ಕೊಟ್ಟಿರಲಿಲ್ಲ. ಫಳಫಳ ಒರೆಸಿ ಇಟ್ಟಳು.

ಆಗಸ್ಟಿನ ಹುಣ್ಣಿಮೆ ಹತ್ತಿರದ ಶನಿವಾರ ಹರಕೆಯ ಪೂಜೆ. ವಾರವೆಲ್ಲ ಸಾಫ್ಟ್‌ವೇರ್ ಪರೀಕ್ಷಿಸಿ ವಾರಾಂತ್ಯದಲ್ಲಿ ಪಂಚೆ ಉಡುವ ಭಟ್ಟರು ಬಂದರು. ಮೂವತ್ತು ಜನ ಸೇರಿದರು. ಸಂಕಲ್ಪದ ಹೊತ್ತಿಗೆ ಭಟ್ಟರು, “ಯಾವ ಹರಕೆ ಅಂತ ಹೇಳ್ಕೋಬೇಕು?” ಎಂದು ಕೇಳಿದಾಗ ಚಕ್ರಪಾಣಿ ಅಕ್ಷತೆ ಹಿಡಿದ ಕೈಯನ್ನು ನೋಡಿಕೊಂಡು, “ಇಂಗ್ಲೆಂಡ್ ಪ್ರಯಾಣ, ರಸ್ತೆ, ಕ್ಷೇಮ... ಅಷ್ಟೇ ಸಾಕು,” ಎಂದು ತೇಲಿಸಿದ. ಪೂಜೆ ಸಾಂಗವಾಗಿ ಮುಗಿಯಿತು. ಸಜ್ಜಿಗೆ ಪ್ರಸಾದ ಹಂಚುವ ಮೊದಲು ವಸಂತಲಕ್ಷ್ಮಿ ಲಕ್ಷ್ಮಮ್ಮನವರನ್ನು ಕೈಹಿಡಿದು ಕರೆತಂದು, “ನೀವು ಇಲ್ಲಿ ಕೂತ್ಕೊಳ್ಳಿ, ಗಾಳಿ ಚೆನ್ನಾಗಿ ಬರತ್ತೆ,” ಎಂದು ಟೀವಿಯ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

ಚಕ್ರಪಾಣಿ ಟ್ರ್ಯಾಕ್ಟರಿನ ಕಥೆಯಲ್ಲಿದ್ದ. “ಎಡಗೈಯಲ್ಲಿ ಗೇರು, ಕತ್ತು ಹಿಂದಕ್ಕೆ, ಒಂದೇ ಏಟಿಗೆ ರಿವರ್ಸು...”

“ಅಲ್ಲ ಕಣಪ್ಪ,” ಎಂದರು ಲಕ್ಷ್ಮಮ್ಮ, ಸಜ್ಜಿಗೆಯ ದೊನ್ನೆ ತೊಡೆಯ ಮೇಲಿಟ್ಟುಕೊಂಡು. “ಆ ಬಂಡಿ ಓಡಿಸ್ದೋನು ನೀನೇಯಾ?”

“ಮತ್ತೆ ಇನ್ನಾರಮ್ಮ?”

“ಸ್ಟೇರಿಂಗು ಅಲ್ಲೂ ನಮ್ಮೂರಂಗೇ ಬಲಗಡೀಕೆ ಅಂದಲ್ಲಾ?”

“ಹೂಂ, ಬಲಗಡೆಗೇ.”

“ಮತ್ತೆ ಈ ಪೋಟೋದಾಗೆ ನೀನ್ಯಾಕೆ ಕ್ಲೀನರ್ ಸೀಟಾಗೆ ಕುಂತಿದೀಯ?”

ಎಲ್ಲರ ಕಣ್ಣೂ ಟೀವಿಯ ಪಕ್ಕಕ್ಕೆ ತಿರುಗಿತು. ಲಕ್ಷ್ಮಮ್ಮ ಬೆರಳು ತೋರಿಸಿ ವಿವರಿಸಿದರು. “ಬಂಡಿ ಮೊಕ ಆ ಕಡೀಕೈತೆ. ನೀನಿರದು ಎಡಗಡೆ. ನಮ್ಮ ಯಜಮಾನ್ರು ತೆಂಗಿನಕಾಯಿ ಲಾರಿ ಇಟ್ಟಿದ್ರು, ನಂಗೊತ್ತಿಲ್ವಾ? ಅಲ್ಲಿ ಕುಂತು ಕ್ಲೀನರ್ರು ಹಿಂಗೇ ಮೊಣಕೈ ಆಚೀಕಾಕ್ಕಂಡು ‘ರೈಟ್ ರೈಟ್’ ಅಂತಿದ್ದ.”

ನಾಗರಾಜ ಎದ್ದು ಹೋಗಿ ಫೋಟೋಗೆ ಮೂಗು ತಾಗಿಸಿ ನೋಡಿದ. ಎಡಗೈ ಎತ್ತಿ, ಬಲಗೈ ಎತ್ತಿ, ಲೆಕ್ಕ ಹಾಕಿದ. “ಸಾರ್... ಅಮ್ಮ ಹೇಳೋದು ಸರಿ ಸಾರ್.”

“ಓ ಮೈ ಗಾಡ್, ಅಪ್ಪಾ!” ಎಂದು ಶರ್ವಾಣಿ ಕಿರುಚಿದಳು.

ಚಕ್ರಪಾಣಿ ಹೆಂಡತಿಯ ಕಡೆ ತಿರುಗಿದ. ಅವಳು ತೀರ್ಥದ ಉದ್ಧರಣೆ ಹಿಡಿದುಕೊಂಡೇ ಎರಡೂ ಕೈ ಮೇಲೆತ್ತಿದಳು. ನಾನು ತುಟಿ ಬಿಚ್ಚಿಲ್ಲ ಎಂಬ ಹಾಗೆ.

“ಹಂಗಾರೆ ಓಡಿಸ್ದೋರು ಯಾರವ್ವ?” ಎಂದರು ಲಕ್ಷ್ಮಮ್ಮ ಅವಳನ್ನೇ ನೋಡುತ್ತ.

“ನಾನು ಭಾಷೆ ಕೊಟ್ಟಿದೀನಿ ಲಕ್ಷ್ಮಮ್ಮ. ಅವರನ್ನೇ ಕೇಳಿ.”

ಮೂವತ್ತು ಜೊತೆ ಕಣ್ಣು. ಹಿಂದೆ ಮಂಟಪದಲ್ಲಿ ಆಗತಾನೆ ಮಂಗಳಾರತಿ ತೆಗೆದುಕೊಂಡ ಸತ್ಯನಾರಾಯಣ ಸ್ವಾಮಿ. ಅಂಗೈಯಲ್ಲಿ ತುಪ್ಪ ಸೋರುವ ಪ್ರಸಾದ. ಚಕ್ರಪಾಣಿ ಅದನ್ನು ಬಾಯಿಗಿಡಲು ಹೋಗಿ, ಇಡಲಾರದೆ, ತಟ್ಟೆಯಲ್ಲಿಟ್ಟ.

“ಇವಳು,” ಎಂದ. “ಹತ್ತು ದಿನವೂ ಇವಳೇ. ನಾನು ಓಡಿಸಿದ್ದು ಎರಡು ಮೈಲಿ. ಮತ್ತೆ ಏಳು ಪ್ರದಕ್ಷಿಣೆ.”

“ಪ್ರದಕ್ಷಿಣೆಯಾ?” ಎಂದರು ಭಟ್ಟರು, ಕಾಯಿ ಹೋಳು ಹಂಚುವ ಕೈ ನಿಲ್ಲಿಸಿ.

ಆಗ ಹೇಳಿದ ನೋಡಿ ಕಥೆ! ಮೊದಲ ಗೇರಿನ ಗೋಳು, ಕೈಬೀಸಿದ ಅಜ್ಜಿ, ಗುಲಾಬಿ ಗಿಡ, ತೀರ್ಥ ಕೇಳಿದ ಹೆಂಡತಿ. ಒಂದನ್ನೂ ಬಿಡಲಿಲ್ಲ. ಮೊದಮೊದಲು ನಾಚಿಕೆಯಿಂದ ಹೇಳಿದ. ಜನ ಬಿದ್ದು ಬಿದ್ದು ನಗುವುದನ್ನು ಕಂಡು ಹುಮ್ಮಸ್ಸು ಬಂತು. ಎದ್ದು ನಿಂತು, ಮಂಟಪದ ಮುಂದೆ ತಾನೇ ಕಾರಾಗಿ ಸುತ್ತಿ ತೋರಿಸಿದ. ಎರಡು ತಿಂಗಳು ಹೇಳಿದ ಸುಳ್ಳಿಗೆ ಇಷ್ಟು ನಗೆ ಹುಟ್ಟಿರಲಿಲ್ಲ. ಆ ಭರದಲ್ಲೇ ಬಾಯಿ ತಪ್ಪಿತು: “ಇವಳು ಪೂಜೆ ಹೇಳ್ಕೊಂಡ್ಳು, ನಾನು ಕಾರಿನ ಕೀ ಕೊಡ್ತೀನಿ ಅಂತ ದೇವರಾಣೆ ಹಾಕ್ದೆ...”

ನಿಲ್ಲಿಸಿದ. ತಡವಾಗಿತ್ತು.

“ಕೊಟ್ಯಾ?” ಎಂದರು ಲಕ್ಷ್ಮಮ್ಮ.

ಚಕ್ರಪಾಣಿ ಭಟ್ಟರ ಕಡೆ ನೋಡಿದ, ಏನಾದರೂ ಪರಿಹಾರ ಸಿಕ್ಕೀತೆಂದು. ಭಟ್ಟರು ನಗು ತಡೆದುಕೊಂಡು, “ಒಂದೇ ಹೊತ್ತಿಗೆ ಹೇಳ್ಕೊಂಡಿದ್ದು, ಎರಡೂ ಸೇರಿ ಒಂದೇ ಹರಕೆ. ಈಗ ಅರ್ಧ ತೀರಿದೆ,” ಎಂದರು.

“ಅರ್ಧ ಹರಕೆ ಉಳಿಸ್ಕಂಡು ಪರ್ಸಾದ ತಿಂತೀಯಾ ಮಗ?”

ಚಕ್ರಪಾಣಿ ಮಡಿಪಂಚೆಯಲ್ಲಿದ್ದ. ಒಳಗೆ ಹೋಗಿ ಪ್ಯಾಂಟಿನ ಜೇಬು ತಡಕಿ ಬಂದು, ವೀಳ್ಯದೆಲೆ, ಅಡಿಕೆಯ ತಟ್ಟೆಯಲ್ಲಿ ಕೀ ಇಟ್ಟು ಹೆಂಡತಿಯ ಮುಂದೆ ಹಿಡಿದ. ವಸಂತಲಕ್ಷ್ಮಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳ ಮುಖದಲ್ಲಿ ಆಗ ತುಂಟತನ ಇರಲಿಲ್ಲ. ಗಂಡನಿಗೆ ಅದು ಕಂಡಿತು. “ನಿಂಗೆ ಇಷ್ಟು ಬೇಕಾಗಿತ್ತು ಅಂತ...” ಎಂದವನು ಪ್ರಸಾದವನ್ನು ಬಾಯಿಗಿಟ್ಟುಕೊಂಡ.

ಗುರುವಾರ ಐದೂವರೆಗೆ ಹೊರಟರು. ಹಿಂದಿನ ಸೀಟಿನಲ್ಲಿ ಲಕ್ಷ್ಮಮ್ಮ, ಮಡಿಲಲ್ಲಿ ತಾಳ. ಚಕ್ರಪಾಣಿ, “ಮೊದಲನೇ ದಿನ, ನಾನೂ ಬರ್ತೀನಿ,” ಎಂದು ಬಲಗಡೆ ಕೂತ. ಫ್ರೀವೇ ಮೇಲೆ ಇಲ್ಲದ ಬ್ರೇಕನ್ನು ಹದಿನೇಳು ಸಲ ಒತ್ತಿದ. ಸೇತುವೆ ಬಂದಾಗ ಸರೋವರದ ಮೇಲೆ ಇಳಿಬಿಸಿಲು ಹರಡಿತ್ತು. ವಸಂತಲಕ್ಷ್ಮಿ ಆಗಲೇ ಸಣ್ಣಗೆ ಶ್ರುತಿ ಹಿಡಿದಿದ್ದಳು. ಗೌರಾದೇವಿಯವರ ಬೀದಿಯ ಚೌಕದಲ್ಲಿ ಒಂದು ಪುಟ್ಟ ವೃತ್ತ. “ಈ ದೇಶದಲ್ಲಿ ಹೀಗೇ ಸುತ್ಬೇಕಂತೆ ಸ್ವಾಮಿ, ತಪ್ಪು ತಿಳ್ಕೋಬೇಡ,” ಎಂದು ಎಡಕ್ಕಿಟ್ಟುಕೊಂಡು ಒಂದೇ ಸಲಕ್ಕೆ ದಾಟಿದಳು.

ಕಾರು ನಿಂತಿತು. ಅವಳು ಇಳಿದು ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಚಕ್ರಪಾಣಿ ಇಳಿಯಲಿಲ್ಲ. ಜೇಬಿನಿಂದ ಉಣ್ಣೆ ಟೋಪಿ ತೆಗೆದು ಓರೆಯಾಗಿ ಇಟ್ಟುಕೊಂಡ. ಗಾಜನ್ನು ಮೊದಲೇ ಇಳಿಸಿದ್ದ. ಮೊಣಕೈ ಹೊರಗೆ ಹಾಕಿ, ಕ್ಯಾಮೆರಾ ಚಾಚಿದ.

“ವಸಂತಾ, ಒಂದು ಫೋಟೋ ತೆಗಿ. ಮೈಸೂರಿಗೆ ಅಣ್ಣನಿಗೆ ಕಳಿಸೋಣ.”

ಅವಳು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದಳು. ಗಂಡ ಬಲಗಡೆ ಕೂತು ಗಂಭೀರವಾಗಿ ನಗುತ್ತಿದ್ದ. ಮೈಸೂರಿನಲ್ಲಿ ಬಲಗಡೆ ಕೂತವನೇ ಓಡಿಸುವವನು. ತುಟಿ ಕಚ್ಚಿಕೊಂಡು ಗುಂಡಿ ಒತ್ತಿದಳು.

ತಾಳ ಹಿಡಿದು ಇಳಿಯುತ್ತಿದ್ದ ಲಕ್ಷ್ಮಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದರು.

“ಕಳ್ಸು ಮಗ, ಕಳ್ಸು,” ಎಂದರು. “ದೀಪಾವಳಿ ಹೊತ್ತಿಗೆ ನಾನೂ ಊರಿಗೆ ಹೋಯ್ತೀನಿ. ಮೈಸೂರೇನು ದೂರ ಅಲ್ಲ.”